ವಯಸ್ಕರ ಅಡ್ವೆಂಚರ್ ಗೇಮ್: ಈ ನಾಲ್ಕರಲ್ಲಿ ನಿಮಗೆ ಯಾವುದು ಹೊಂದೀತು?

ಗೇಮ್ ಒಂದರ ಸ್ಟೋರ್ ಪುಟದಲ್ಲಿ 18 ಎಂಬ ಮುದ್ರೆ ಕಂಡರೆ ಗೊತ್ತಾಗುವುದು ಇಷ್ಟೇ: ಒಳಗೆ ರಕ್ತವೋ ನಗ್ನತೆಯೋ ಬೈಗುಳವೋ ಮಾದಕ ವಸ್ತುವೋ ಏನೋ ಒಂದಿದೆ. ಆಟ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದನ್ನು ಆ ಮುದ್ರೆಯಿಂದ ತಿಳಿಯಲಾಗದು. ಗೇಮ್‌ಗಳಿಗೆ ವಯಸ್ಸಿನ ಮಿತಿ ಗೊತ್ತುಮಾಡುವ ಸಂಸ್ಥೆಗಳಾದ ಅಮೆರಿಕದ ಇಎಸ್‌ಆರ್‌ಬಿ 1994ರಿಂದ, ಯುರೋಪಿನ ಪೆಗಿ 2003ರಿಂದ ಇಂಥ ಮುದ್ರೆಗಳನ್ನು ಕೊಡುತ್ತಿವೆ. ನಮ್ಮ ದೇಶದಲ್ಲಿ ಸಿನಿಮಾಕ್ಕೆ ಇರುವ ಹಾಗೆ ಗೇಮ್‌ಗಳಿಗೆ ಪ್ರಮಾಣಪತ್ರದ ಪದ್ಧತಿ ಇಲ್ಲದ್ದರಿಂದ ಇಲ್ಲಿನ ಆಟಗಾರರೂ ಅವನ್ನೇ ನೋಡಿಕೊಳ್ಳುತ್ತಾರೆ. ಮುದ್ರೆ ನೋಡಿ ಕೊಂಡು ಅರ್ಧಕ್ಕೇ ಬಿಟ್ಟವರು ಬಹಳ. ಏಕೆಂದರೆ ಒಂದೇ ಮುದ್ರೆಯ ಕೆಳಗಿರುವ ಆಟಗಳು ಆಡುವವರಿಂದ ಕೇಳುವುದು ಬೇರೆ ಬೇರೆ.

ಕತೆ, ಮಾತುಕತೆ, ಒಗಟುಗಳ ಮೇಲೆ ನಡೆಯುವ ಆಟಗಳಿಗೆ ಅಡ್ವೆಂಚರ್ ಗೇಮ್ ಎನ್ನುತ್ತಾರೆ. ಇಲ್ಲಿ ಹೋಲಿಸುತ್ತಿರುವುದು ಅಂಥ ನಾಲ್ಕನ್ನು: ಡಿಸ್ಕೊ ಎಲಿಸಿಯಮ್, ಹೆವಿ ರೈನ್, ದ ವುಲ್ಫ್ ಅಮಂಗ್ ಅಸ್, ಮತ್ತು ಈ ಜಾತಿಯ ಹಿರಿಯಣ್ಣ ಲೆಷರ್ ಸೂಟ್ ಲ್ಯಾರಿ. ಡಿಸ್ಕೊ ನಿಮ್ಮಿಂದ ಓದುವ ತಾಳ್ಮೆ ಕೇಳುತ್ತದೆ. ಹೆವಿ ರೈನ್‌ಗೆ ಬೆರಳಿನ ಚುರುಕು ಬೇಕು. ವುಲ್ಫ್‌ನಲ್ಲಿ ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನ ತೆಗೆದುಕೊಳ್ಳಬೇಕು. ಲ್ಯಾರಿಗೆ ಒಗಟು ಬಿಡಿಸುವ ಹಠವೂ ಬೇಕು, ಹಳೇ ಕಾಲದ ಪೋಲಿ ತಮಾಷೆಯನ್ನು ತಡೆದುಕೊಳ್ಳುವ ಮನಸ್ಸೂ ಬೇಕು. ನಿಮ್ಮಲ್ಲಿ ಇವುಗಳಲ್ಲಿ ಯಾವುದಿದೆ ಎಂದು ನೋಡಿಕೊಂಡು ಆರಿಸಿದರೆ ದುಡ್ಡು ದಂಡವಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾಲ್ಕರಲ್ಲಿ ಯಾವುದಕ್ಕೂ ಕನ್ನಡದ ಉಪಶೀರ್ಷಿಕೆ ಇಲ್ಲ, ಇಂಗ್ಲಿಷ್‌ನಲ್ಲೇ ಆಡಬೇಕು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಲು ಎರಡು ಕ್ಷಣ ಹೆಚ್ಚು ಬೇಕಾಗುವವರಿಗೆ ಈ ಆಟಗಳ ಕಷ್ಟ ಸುಲಭಗಳು ವಿಮರ್ಶೆಗಳಲ್ಲಿ ಬರೆದಿರುವುದಕ್ಕಿಂತ ಬೇರೆಯಾಗಿಯೇ ಇರುತ್ತವೆ. ಅದನ್ನು ಪ್ರತಿ ಆಟದ ಜೊತೆಗೂ ಹೇಳಿದ್ದೇವೆ.

ಡಿಸ್ಕೊ ಎಲಿಸಿಯಮ್

2019ರಲ್ಲಿ ಬಂದ ಆಟ. ಮಾಡಿದ್ದು ಎಸ್ಟೋನಿಯಾ ಮೂಲದ ಜಾ/ಯುಎಂ ತಂಡ. ಆ ವರ್ಷದ ದ ಗೇಮ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಗೆದ್ದಿತು. 2021ರಲ್ಲಿ ಬಂದ ಫೈನಲ್ ಕಟ್ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ಪೂರ್ತಿ ಧ್ವನಿ ಕೊಟ್ಟಿದ್ದಾರೆ. ಈಗ ಅಂಗಡಿಗಳಲ್ಲಿ ಸಿಗುವುದು ಅದೇ.

ಕತೆ ರೆವಷಾಲ್ ಎಂಬ ಕಲ್ಪಿತ ನಗರದ ಮಾರ್ಟಿನೇಸ್ ಎಂಬ ಬಂದರು ಬಡಾವಣೆಯಲ್ಲಿ ನಡೆಯುತ್ತದೆ. ಕುಡಿದು ಕುಡಿದು ತನ್ನ ಹೆಸರನ್ನೂ ಮರೆತ ಪೊಲೀಸ್ ಪತ್ತೇದಾರನೊಬ್ಬ ಹಾಸ್ಟೆಲ್ ಕೋಣೆಯಲ್ಲಿ ಎಚ್ಚರಗೊಳ್ಳುತ್ತಾನೆ. ಹಿತ್ತಲಿನ ಮರದಲ್ಲಿ ಒಂದು ಹೆಣ ಏಳು ದಿನದಿಂದ ನೇತಾಡುತ್ತಿದೆ. ಕೆಳಗೆ ಕಿಮ್ ಕಿತ್ಸುರಾಗಿ ಎಂಬ ಇನ್ನೊಬ್ಬ ಅಧಿಕಾರಿ ಕಾಯುತ್ತಿದ್ದಾನೆ. ಕಿಮ್ ಈ ಆಟದ ದೊಡ್ಡ ಆಸ್ತಿ. ನೀವು ಅಸಂಬದ್ಧ ಮಾತಾಡಿದಾಗ ಅವನು ಸುಮ್ಮನೆ ಒಂದು ನೋಟ ಹರಿಸುತ್ತಾನೆ, ಅಷ್ಟಕ್ಕೇ ನಾಚಿಕೆಯಾಗುತ್ತದೆ. ಆಟದ ಪಾತ್ರವೊಂದರ ಮೆಚ್ಚುಗೆಗೆ ಆಟಗಾರ ಇಷ್ಟು ಹಾತೊರೆಯುವಂತೆ ಬರೆದ ಗೇಮ್‌ಗಳು ಕಡಿಮೆ.

ಹೊಡೆದಾಟ ಇಲ್ಲವೇ ಇಲ್ಲ ಎನ್ನಬಹುದು. ಎಲ್ಲವೂ ಮಾತುಕತೆ ಮತ್ತು ದಾಳದ ಮೇಲೆ ನಡೆಯುತ್ತದೆ. ಬುದ್ಧಿ, ಮನಸ್ಸು, ಮೈಕಟ್ಟು, ಕೈಚಳಕ ಎಂಬ ನಾಲ್ಕು ಗುಣಗಳ ಕೆಳಗೆ ಆರಾರರಂತೆ 24 ಸ್ಕಿಲ್‌ಗಳಿವೆ. ನಾಲ್ಕು ಗುಣಗಳಿಗೆ ಹಂಚಲು ಒಟ್ಟು 12 ಅಂಕ, ಯಾವುದಕ್ಕೂ 1ಕ್ಕಿಂತ ಕಡಿಮೆ ಇಡುವಂತಿಲ್ಲ, 6ಕ್ಕಿಂತ ಹೆಚ್ಚೂ ಇಲ್ಲ. ಕಷ್ಟದ ಕೆಲಸಕ್ಕೋ ಮಾತಿಗೋ ಕೈಹಾಕಿದಾಗ ಸ್ಕಿಲ್‌ನ ಪರೀಕ್ಷೆ ಬರುತ್ತದೆ, ಆಗ ಎರಡು ದಾಳ ಬೀಳುತ್ತವೆ. ದಾಳದ ಮೊತ್ತಕ್ಕೆ ನಿಮ್ಮ ಸ್ಕಿಲ್ ಸೇರಿಸಿದಾಗ ಗುರಿಯ ಅಂಕ ಮುಟ್ಟಬೇಕು. ಗುರಿ 10, ನಿಮ್ಮ ಸ್ಕಿಲ್ 3 ಎಂದುಕೊಳ್ಳಿ: ದಾಳದಲ್ಲಿ 7 ಅಥವಾ ಹೆಚ್ಚು ಬೀಳಬೇಕು. 36 ಸಾಧ್ಯತೆಗಳಲ್ಲಿ 21 ನಿಮ್ಮ ಪರ, ಅಂದರೆ 58 ಶೇಕಡ. ಸ್ಕಿಲ್ ಒಂದೇ ಒಂದು ಕಡಿಮೆಯಾಗಿ 2 ಇದ್ದರೆ ಅದು 42ಕ್ಕೆ ಇಳಿಯುತ್ತದೆ. ಎರಡು ಆರು ಬಿದ್ದರೆ ಏನೇ ಇದ್ದರೂ ಗೆಲುವು, ಎರಡು ಒಂದು ಬಿದ್ದರೆ ಏನೇ ಇದ್ದರೂ ಸೋಲು. ಅದಕ್ಕೇ ತೆರೆಯ ಮೇಲೆ 97ಕ್ಕಿಂತ ಹೆಚ್ಚು, 3ಕ್ಕಿಂತ ಕಡಿಮೆ ಶೇಕಡ ಕಾಣುವುದಿಲ್ಲ.

ಹೊಸಬರು ಎಡವುವುದು ಇಲ್ಲೇ. ಪರೀಕ್ಷೆಗಳಲ್ಲಿ ಬಿಳಿ, ಕೆಂಪು ಎಂದು ಎರಡು ಬಗೆ. ಬಿಳಿ ಪರೀಕ್ಷೆಯಲ್ಲಿ ಸೋತರೆ ಅದು ಬೀಗ ಹಾಕಿಕೊಳ್ಳುತ್ತದೆ. ಆ ಸ್ಕಿಲ್‌ಗೆ ಒಂದು ಅಂಕ ಹಾಕಿದರೆ, ಅಥವಾ ಕತೆಯಲ್ಲಿ ಹೊಸ ಸುಳಿವು ಸಿಕ್ಕಿ ಲೆಕ್ಕ ಬದಲಾದರೆ ಮತ್ತೆ ತೆರೆಯುತ್ತದೆ. ಕೆಂಪು ಪರೀಕ್ಷೆಗೆ ಒಂದೇ ಅವಕಾಶ. ಪ್ರತಿ 100 ಅನುಭವ ಅಂಕಕ್ಕೆ ಒಂದು ಸ್ಕಿಲ್ ಅಂಕ ಸಿಗುತ್ತದೆ. ಸಿಕ್ಕ ಕೂಡಲೇ ಖರ್ಚು ಮಾಡಿಬಿಟ್ಟರೆ ಬೀಗ ಬಿದ್ದ ಬಾಗಿಲ ಮುಂದೆ ಕೈಖಾಲಿ ನಿಲ್ಲಬೇಕಾಗುತ್ತದೆ. ಯಾವಾಗಲೂ ಒಂದು ಅಂಕ ಉಳಿಸಿಕೊಂಡೇ ಓಡಾಡಿ. ಪರೀಕ್ಷೆಗೆ ಮುನ್ನ ಬಟ್ಟೆ ಬದಲಿಸಿ ನೋಡಿ. ಹಳೇ ಕೋಟು, ಬೂಟು, ಟೋಪಿಗಳೂ ಒಂದೊಂದು ಸ್ಕಿಲ್ ಏರಿಸುತ್ತವೆ, ಇನ್ನೊಂದನ್ನು ಇಳಿಸುತ್ತವೆ.

ಮೈಕಟ್ಟಿಗೆ 1 ಇಟ್ಟವರು ಮೊದಲ ಕೋಣೆಯಲ್ಲೇ ಸಾಯಬಹುದು. ಫ್ಯಾನಿಗೆ ಸುತ್ತಿಕೊಂಡ ಟೈ ಹಿಡಿಯಲು ಹೋಗಿ ತಪ್ಪಿದರೆ ಒಂದು ಆರೋಗ್ಯ ಅಂಕ ಹೋಗುತ್ತದೆ. ಇದ್ದದ್ದೇ ಒಂದು, ಹೃದಯ ನಿಲ್ಲುತ್ತದೆ, ಆಟ ಮುಗಿಯುತ್ತದೆ. ಇದು ದೋಷವಲ್ಲ, ಆಟ ತನ್ನ ನಿಯಮವನ್ನು ಹೇಳಿಕೊಡುವ ರೀತಿ. ದೇಹದ ಆರೋಗ್ಯ ಮೈಕಟ್ಟಿನಿಂದ ಬರುತ್ತದೆ, ಸ್ಥೈರ್ಯ ಮನಸ್ಸಿನಿಂದ. ಎರಡರಲ್ಲಿ ಯಾವುದು ಸೊನ್ನೆ ಮುಟ್ಟಿದರೂ ಕೆಲವೇ ಕ್ಷಣಗಳಲ್ಲಿ ಔಷಧಿಯ ಗುರುತನ್ನು ಒತ್ತಬೇಕು. ಇಡೀ ಆಟದಲ್ಲಿ ಕೈ ಚುರುಕು ಬೇಕಾಗುವುದು ಹೆಚ್ಚುಕಡಿಮೆ ಆಗ ಮಾತ್ರ. ಮೊದಲ ಸಲ ಆಡುವವರು ಯಾವ ಗುಣವನ್ನೂ 2ಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು. ಬುದ್ಧಿ 4, ಮನಸ್ಸು 4, ಉಳಿದೆರಡು 2 ಎಂದು ಹಂಚಿದರೆ ಮಾತುಕತೆಯ ಸೊಗಸೂ ಸಿಗುತ್ತದೆ, ಬೇಗ ಸಾಯುವುದೂ ತಪ್ಪುತ್ತದೆ.

ದುಡ್ಡು ಇನ್ನೊಂದು ಗೋಳು. ಹಾಸ್ಟೆಲ್‌ನವನು ಕೋಣೆ ಹಾಳು ಮಾಡಿದ್ದಕ್ಕೆ 130 ರಿಯಾಲ್ ಕೇಳುತ್ತಾನೆ, ರಾತ್ರಿಯೊಂದಕ್ಕೆ 20 ಬೇರೆ. ಖಾಲಿ ಬಾಟಲಿ ಆಯ್ದು ಮಾರುವ ಚೀಲವೊಂದು ಸಿಗುತ್ತದೆ, ಮರ್ಯಾದೆ ನೋಡದೆ ಹಿಡಿದುಕೊಳ್ಳಿ. ಆಟದೊಳಗಿನ ಗಡಿಯಾರ ಮಾತಾಡುವಾಗ, ಓದುವಾಗ ಮಾತ್ರ ಓಡುತ್ತದೆ. ಸುಮ್ಮನೆ ಅಡ್ಡಾಡಿದರೆ ಹೊತ್ತು ಹೋಗದು. ಹಾಗಾಗಿ ಬಡಾವಣೆಯ ಮೂಲೆ ಮೂಲೆ ನೋಡಲು ಹೆದರಬೇಕಿಲ್ಲ. ಟ್ಯಾಬ್ ಕೀಲಿ ಒತ್ತಿ ಹಿಡಿದರೆ ಮುಟ್ಟಬಹುದಾದ ವಸ್ತುಗಳು ಹೊಳೆಯುತ್ತವೆ. ನೀರಿನಾಚೆಯ ಅರ್ಧ ನಕಾಶೆ ಮೂರನೆಯ ದಿನದವರೆಗೆ ತೆರೆಯದು. ಅದು ಗೊತ್ತಿಲ್ಲದೆ ಎರಡನೆಯ ದಿನವೇ ಸೇತುವೆ ಬಳಿ ದಾರಿ ಹುಡುಕುತ್ತ ಬೇಸತ್ತವರು ಹಲವರು.

ಇನ್ನು ಕೊರತೆಗಳು. ಓದುವುದು ಬಹಳ, ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ. ಒಂದು ಸುತ್ತಿನಲ್ಲಿ ಎಲ್ಲವೂ ಎದುರಾಗುವುದಿಲ್ಲ, ಆದರೂ 25ರಿಂದ 30 ಗಂಟೆ ಹಿಡಿಯುತ್ತದೆ. ರಾಜಕೀಯ ಸಿದ್ಧಾಂತಗಳ ಚರ್ಚೆ ಉದ್ದಕ್ಕೂ ಹಬ್ಬಿದೆ. ಕಮ್ಯುನಿಸಮ್, ಫ್ಯಾಸಿಸಮ್, ಮುಕ್ತ ಮಾರುಕಟ್ಟೆ ಎಲ್ಲವನ್ನೂ ಆಟ ಗೇಲಿ ಮಾಡುತ್ತದೆ, ಎಲ್ಲವನ್ನೂ ಗಂಭೀರವಾಗಿಯೂ ತೆಗೆದುಕೊಳ್ಳುತ್ತದೆ. ಇದರಲ್ಲಿ ಆಸಕ್ತಿ ಇಲ್ಲದವರಿಗೆ ಮಧ್ಯದ ಹತ್ತು ಗಂಟೆ ಭಾರ. ಇಂಗ್ಲಿಷ್ ಕಠಿಣವೇ, ನಿಘಂಟು ಪಕ್ಕದಲ್ಲಿರಲಿ. ಆದರೆ ಓದಲು ಸಮಯದ ಮಿತಿ ಇಲ್ಲ. ನಿಧಾನವಾಗಿ ಇಂಗ್ಲಿಷ್ ಓದುವವರಿಗೆ ನಾಲ್ಕರಲ್ಲಿ ಅತ್ಯಂತ ಸಮಾಧಾನದ ಆಟ ಇದೇ ಎಂದರೆ ಆಶ್ಚರ್ಯವಾದೀತು, ಆದರೂ ನಿಜ. ಮಾತುಕತೆಯ ನಡುವೆ ಸೇವ್ ಮಾಡಲು ಆಗುವುದಿಲ್ಲ. ಕೆಲವು ಮಾತುಕತೆ ಅರ್ಧ ಗಂಟೆಯೂ ನಡೆದೀತು. ಮಲಗುವ ಹೊತ್ತಿಗೆ ಹೊಸಬರನ್ನು ಮಾತಾಡಿಸಬೇಡಿ.

ವಯಸ್ಕರಿಗೇ ಮೀಸಲು ಯಾಕೆ ಎಂದರೆ ಇಲ್ಲಿ ಕುಡಿತ, ಮಾದಕ ವಸ್ತು ಬರೀ ದೃಶ್ಯವಾಗಿಲ್ಲ, ಲೆಕ್ಕದಲ್ಲೇ ಸೇರಿವೆ. ಕುಡಿದರೆ ಮೈಕಟ್ಟಿಗೆ ಒಂದು ಅಂಕ, ಸಿಗರೇಟಿಗೆ ಬುದ್ಧಿಯ ಒಂದು ಅಂಕ ಏರುತ್ತದೆ, ಬದಲಿಗೆ ಆರೋಗ್ಯವೋ ಸ್ಥೈರ್ಯವೋ ಕಡಿಮೆಯಾಗುತ್ತದೆ. ಮಾದಕ ವಸ್ತುವಿನ ಈ ಬಳಕೆಯ ಕಾರಣಕ್ಕೇ 2021ರಲ್ಲಿ ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಆ ಚಟ ಮನುಷ್ಯನನ್ನು ಹೇಗೆ ಹಾಳುಗೆಡವಿದೆ ಎಂಬುದನ್ನು ಆಟ ಮುಚ್ಚಿಡುವುದಿಲ್ಲ ಎಂಬ ವಾದ ಮರುಪರಿಶೀಲನೆಯಲ್ಲಿ ನಿಂತು, ಅದೇ ವರ್ಷ 18ರ ಮುದ್ರೆಯೊಡನೆ ಬಿಡುಗಡೆಯಾಯಿತು. ಕುಡಿತದಿಂದ ಹೊರಬರುತ್ತಿರುವವರು ಮನೆಯಲ್ಲಿದ್ದರೆ ಈ ಆಟವನ್ನು ಯೋಚಿಸಿ ಕೊಡಿ. ನಾಯಕನ ತಲೆಯೊಳಗಿನ ದನಿಗಳು ಕುಡಿ ಕುಡಿ ಎನ್ನುವುದು ಬಹಳ ನಿಜವಾಗಿದೆ.

ಹೆವಿ ರೈನ್

ಪ್ಯಾರಿಸ್‌ನ ಕ್ವಾಂಟಿಕ್ ಡ್ರೀಮ್ ಸ್ಟುಡಿಯೊ 2010ರಲ್ಲಿ ಪ್ಲೇಸ್ಟೇಷನ್ 3ಕ್ಕಾಗಿ ಮಾಡಿದ ಆಟ, ಪಿಸಿಗೆ ಬಂದದ್ದು 2019ರಲ್ಲಿ. ಮಕ್ಕಳನ್ನು ಅಪಹರಿಸಿ ಮಳೆನೀರಿನಲ್ಲಿ ಮುಳುಗಿಸಿ ಕೊಲ್ಲುವ ಕೊಲೆಗಾರನೊಬ್ಬ ಇದ್ದಾನೆ. ಮಗನನ್ನು ಕಳೆದುಕೊಂಡ ತಂದೆ ಈಥನ್, ಎಫ್‌ಬಿಐನ ಜೇಡನ್, ಪತ್ರಕರ್ತೆ ಮ್ಯಾಡಿಸನ್, ಖಾಸಗಿ ಪತ್ತೇದಾರ ಶೆಲ್ಬಿ, ಈ ನಾಲ್ವರನ್ನೂ ಸರದಿಯಲ್ಲಿ ನೀವೇ ಆಡಿಸುತ್ತೀರಿ. ಅಧ್ಯಾಯಗಳ ಶುರುವಿನಲ್ಲಿ ಎಷ್ಟು ಇಂಚು ಮಳೆ ಬಿದ್ದಿದೆ ಎಂದು ತೆರೆಯ ಮೇಲೆ ಬರುತ್ತದೆ. ಮಳೆ ಏರಿದಷ್ಟೂ ಹುಡುಗನಿಗೆ ಉಳಿದ ಸಮಯ ಕಡಿಮೆ. ಇಷ್ಟು ಸರಳ ತಂತ್ರ ಇಷ್ಟು ಕಳವಳ ಹುಟ್ಟಿಸುವುದು ಈ ಆಟದ ಹೆಚ್ಚುಗಾರಿಕೆ.

ಇದರ ಬಲವಾದ ಅಂಶ ಒಂದೇ ವಾಕ್ಯದಲ್ಲಿ: ಪಾತ್ರ ಸತ್ತರೆ ಸತ್ತಿತು, ಆಟ ನಿಲ್ಲುವುದಿಲ್ಲ. ಉಳಿದವರಿಂದ ಕತೆ ಮುಂದುವರಿಯುತ್ತದೆ, ಕೊನೆ ಬೇರೆಯಾಗುತ್ತದೆ. ಹಾಗಾಗಿ ಹಿಂದಕ್ಕೆ ಹೋಗಿ ಸರಿಪಡಿಸುವ ಆಸೆಯನ್ನು ಮೊದಲ ಸುತ್ತಿನಲ್ಲಿ ಅದುಮಿಡಿ. ಮುಗಿದ ಮೇಲೆ ಅಧ್ಯಾಯಗಳನ್ನು ಆರಿಸಿ ಮತ್ತೆ ಆಡಬಹುದು.

ಕೈಗೆ ಬೀಳುವ ಕೆಲಸವನ್ನು ನೋಡೋಣ. ನಡೆಯಲು ಕಂಟ್ರೋಲರ್‌ನ, ಅಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಸಾಧನದ, ಒಂದು ಗುಂಡಿ ಒತ್ತಿ ಹಿಡಿದು ಅದರ ಪುಟ್ಟ ಸ್ಟಿಕ್‌ನಿಂದ ದಿಕ್ಕು ಕೊಡಬೇಕು. ಕಾರು ಓಡಿಸುವ ಹಾಗಿರುವ ಈ ನಡಿಗೆ ಕೊನೆಯವರೆಗೂ ಒಗ್ಗದು. ಇಕ್ಕಟ್ಟಾದ ಕೋಣೆಯಲ್ಲಿ ಕ್ಯಾಮೆರಾ ಬದಲಾದ ಕೂಡಲೇ ಪಾತ್ರ ಗೋಡೆಗೆ ಮುಖ ಮಾಡಿ ನಿಂತಿರುತ್ತದೆ. ಹೊಡೆದಾಟ, ಓಟ, ತಪ್ಪಿಸಿಕೊಳ್ಳುವುದು ಎಲ್ಲವೂ ತೆರೆಯ ಮೇಲೆ ಮಿಂಚುವ ಗುಂಡಿಗಳನ್ನು ಸಮಯಕ್ಕೆ ಸರಿಯಾಗಿ ಒತ್ತುವುದರ ಮೇಲೆ ನಿಂತಿವೆ. ಕೆಲವು ಕಡೆ ಒಂದು ಒತ್ತಿ, ಬಿಡದೆ ಎರಡನೆಯದು, ಅದನ್ನೂ ಬಿಡದೆ ಮೂರನೆಯದು ಒತ್ತಬೇಕು. ಜೇಡನ್ ಕೆಸರಿನ ದಿಬ್ಬ ಹತ್ತುವ ದೃಶ್ಯದಲ್ಲಿ ನಿಮ್ಮ ಬೆರಳುಗಳೂ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಪಾತ್ರದ ತಿಣುಕಾಟ ಕೈಗೇ ಬರುತ್ತದೆ. ಕೀಬೋರ್ಡ್‌ನಲ್ಲಿ ಆಡಬೇಡಿ. ಅಗ್ಗದ ಕೀಬೋರ್ಡ್‌ಗಳ ಒಳಗಿನ ತಂತಿ ಜೋಡಣೆ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕೆಲವು ಜೋಡಿಗಳನ್ನು ಗುರುತಿಸುವುದಿಲ್ಲ. ನೀವು ಸರಿಯಾಗಿ ಒತ್ತಿದ್ದರೂ ಆಟಕ್ಕೆ ತಲುಪದೆ ಪಾತ್ರ ಬೀಳಬಹುದು. ಕಂಟ್ರೋಲರ್ ಇಲ್ಲದಿದ್ದರೆ ಈ ಆಟ ಈಗ ಬೇಡ, ಬೇರೆಯದನ್ನು ನೋಡಿ.

ಕಂಟ್ರೋಲರ್ ಅಭ್ಯಾಸ ಎಷ್ಟಿದೆ ಎಂದು ಶುರುವಿನಲ್ಲೇ ಕೇಳಿ ಅದರಂತೆ ಕಷ್ಟದ ಮಟ್ಟ ಕೊಡುತ್ತದೆ, ನಡುವೆ ಬದಲಿಸಲೂಬಹುದು. ಹೆಮ್ಮೆ ಬಿಟ್ಟು ಸುಲಭದ್ದನ್ನೇ ಆರಿಸಿ. ಇಲ್ಲಿನ ರುಚಿ ತೀರ್ಮಾನಗಳಲ್ಲಿದೆ, ಗುಂಡಿಗಳಲ್ಲಿ ಅಲ್ಲ.

ಶುರು ನಿಧಾನ. ಹಲ್ಲುಜ್ಜುವುದು, ಸ್ನಾನ, ಊಟದ ಮೇಜಿಗೆ ತಟ್ಟೆ ಜೋಡಿಸುವುದು, ಮಕ್ಕಳೊಡನೆ ಆಡುವುದು, ಹೀಗೆ ಹತ್ತಿರ ಹತ್ತಿರ ಒಂದು ಗಂಟೆ. ಇದನ್ನು ದಾಟಿಸಿಬಿಡುವ ದಾರಿ ಇಲ್ಲ. ಆದರೆ ಆ ಮನೆಯ ಪರಿಚಯ ಆಗಿರದಿದ್ದರೆ ಮುಂದಿನ ಕಳವಳವೂ ತಟ್ಟುತ್ತಿರಲಿಲ್ಲ. ಒಟ್ಟು ಆಟ 9-10 ಗಂಟೆಯದು.

ನಿಜವಾದ ಕೊರತೆಗಳು ಬೇರೆ ಇವೆ. ಈಥನ್‌ಗೆ ಆಗಾಗ ಪ್ರಜ್ಞೆ ತಪ್ಪಿ, ಎಚ್ಚರವಾದಾಗ ಕೈಯಲ್ಲಿ ಕಾಗದದ ಗೊಂಬೆ ಇರುವುದಕ್ಕೆ ಆಟ ಕೊನೆಗೂ ಸಮಾಧಾನಕರ ಉತ್ತರ ಕೊಡುವುದಿಲ್ಲ. ಪತ್ತೇದಾರಿ ಕತೆಯಲ್ಲಿ ಇದು ಸಣ್ಣ ತಪ್ಪಲ್ಲ. ನಟರ ಅಮೆರಿಕನ್ ಉಚ್ಚಾರ ಅಲ್ಲಲ್ಲಿ ಕೃತಕ, ಮಕ್ಕಳ ಪಾತ್ರಗಳಲ್ಲಿ ಕಿವಿಗೆ ಹೊಡೆಯುತ್ತದೆ. ಮ್ಯಾಡಿಸನ್‌ಳನ್ನು ಮತ್ತೆ ಮತ್ತೆ ಅರೆಬಟ್ಟೆಯಲ್ಲಿ, ಗಂಡಸರ ಹಿಂಸೆಯ ಎದುರು ನಿಲ್ಲಿಸುವುದು ಕತೆಗೆ ಬೇಕಿರಲಿಲ್ಲ. ವಯಸ್ಕರ ವಿಷಯ ಎಂದರೆ ಇದೇ ಎಂದು ಬರೆದವರು ತಿಳಿದ ಹಾಗಿದೆ. ಅದಕ್ಕಿಂತ ಎಷ್ಟೋ ಪಾಲು ವಯಸ್ಕರ ವಿಷಯ ಎಂದರೆ ಮಗನಿಗಾಗಿ ತಂದೆ ತನ್ನ ದೇಹಕ್ಕೆ ಏನನ್ನು ಮಾಡಿಕೊಳ್ಳಬಲ್ಲ ಎಂಬ ಪ್ರಶ್ನೆ, ಅದನ್ನು ಆಟ ಎದೆ ಒಡೆಯುವ ಹಾಗೆ ಕೇಳುತ್ತದೆ. ಬೆರಳು ಕತ್ತರಿಸಿಕೊಳ್ಳುವ ದೃಶ್ಯವಿದೆ. ರಕ್ತ ನೋಡಲಾಗದವರು ಮೊದಲೇ ತಿಳಿದಿರಲಿ. ಸಣ್ಣ ಮಕ್ಕಳಿರುವ ಹೊಸ ತಂದೆತಾಯಿ ಈ ಆಟವನ್ನು ಸ್ವಲ್ಪ ವರ್ಷ ಮುಂದಕ್ಕೆ ಹಾಕಿದರೆ ತಪ್ಪಿಲ್ಲ.

ಸಂಭಾಷಣೆಯ ಇಂಗ್ಲಿಷ್ ಸರಳ. ಆದರೆ ಯೋಚನೆಗಳ ಪದಗಳು ಪಾತ್ರದ ತಲೆಯ ಸುತ್ತ ತಿರುಗುತ್ತಿರುತ್ತವೆ, ಪಾತ್ರ ಗಾಬರಿಯಲ್ಲಿದ್ದರೆ ಅಕ್ಷರಗಳೂ ಅಲುಗುತ್ತವೆ. ಒತ್ತಡ ತೋರಿಸಲು ಚೆನ್ನ, ಓದಲು ಕಷ್ಟ.

ದ ವುಲ್ಫ್ ಅಮಂಗ್ ಅಸ್

ಟೆಲ್‌ಟೇಲ್ ಕಂಪನಿ 2013ರ ಅಕ್ಟೋಬರ್‌ನಿಂದ 2014ರ ಜುಲೈವರೆಗೆ ಐದು ಕಂತುಗಳಲ್ಲಿ ಬಿಡುಗಡೆ ಮಾಡಿದ ಆಟ. ಈಗ ಐದೂ ಒಟ್ಟಿಗೇ ಸಿಗುತ್ತವೆ. ಕಂತಿಗೆ ಹೆಚ್ಚೂಕಡಿಮೆ ಎರಡು ಗಂಟೆ. ಫೇಬಲ್ಸ್ ಕಾಮಿಕ್ಸ್‌ನ ಲೋಕ: ಜನಪದ ಕತೆಗಳ ಪಾತ್ರಗಳು 1980ರ ದಶಕದ ನ್ಯೂಯಾರ್ಕ್‌ನಲ್ಲಿ ಬಾಡಿಗೆ ಮನೆಗಳಲ್ಲಿ ಬದುಕುತ್ತಿವೆ. ಮನುಷ್ಯರ ರೂಪ ಕೊಡುವ ಮಾಯೆಗೆ ದುಡ್ಡು ಕೊಡಲಾಗದ ಬಡ ಪ್ರಾಣಿಪಾತ್ರಗಳನ್ನು ಊರಾಚೆಯ ಫಾರ್ಮ್‌ಗೆ ಕಳಿಸಲಾಗುತ್ತದೆ. ಒಂದು ಕಾಲದಲ್ಲಿ ಎಲ್ಲರನ್ನೂ ತಿನ್ನಲು ಹೊರಟಿದ್ದ ತೋಳ ಬಿಗ್ಬಿ ಈಗ ಅಲ್ಲಿನ ಶೆರಿಫ್. ಹೆಂಗಸೊಬ್ಬಳ ಕೊಲೆಯ ತನಿಖೆ ಅವನ ಮೇಲಿದೆ. ಬಡತನ, ಬಾಡಿಗೆ, ಸಾಲ, ವೇಶ್ಯಾವೃತ್ತಿ, ಅಧಿಕಾರಿಗಳ ಉದಾಸೀನ ಇವನ್ನು ಇಷ್ಟು ಹಗುರ ಕೈಯಿಂದ ಹೇಳಿದ ಗೇಮ್ ನಮಗೆ ಬಹಳ ಇಷ್ಟ.

ಒಗಟುಗಳು ಇಲ್ಲವೆಂದೇ ಹೇಳಬೇಕು. ಮಾತಿಗೆ ಉತ್ತರ ಆರಿಸುವುದೇ ಆಟ. ನಾಲ್ಕು ಉತ್ತರಗಳು ಬರುತ್ತವೆ, ಕೆಳಗೆ ಕಾಲದ ಪಟ್ಟಿ ಕರಗುತ್ತಿರುತ್ತದೆ. ಸುಮ್ಮನಿದ್ದರೆ ಮೌನವೇ ನಿಮ್ಮ ಉತ್ತರ. ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ಆಯ್ಕೆಗಳು ಮೂಡುವುದುಂಟು. ಇಂಗ್ಲಿಷ್ ಓದು ನಿಧಾನವಿರುವವರಿಗೆ ಇದೇ ಅಡ್ಡಿ: ಉಪಶೀರ್ಷಿಕೆ ಓದಬೇಕೋ ಆಯ್ಕೆ ಓದಬೇಕೋ ಎಂದು ಗೊತ್ತಾಗುವ ಮೊದಲೇ ಸಮಯ ಮುಗಿದಿರುತ್ತದೆ. ಇಂಥಲ್ಲಿ ಮೌನವನ್ನು ಒಂದು ಉತ್ತರವಾಗಿ ಬಳಸಲು ಹಿಂಜರಿಯಬೇಡಿ, ಬಿಗ್ಬಿಯ ಸ್ವಭಾವಕ್ಕೆ ಅದು ಒಪ್ಪುತ್ತದೆ. ಇನ್ನೊಂದು ತೊಡಕು: ಆಯ್ಕೆಯಲ್ಲಿ ಬರೆದ ಎರಡು ಮೂರು ಪದಕ್ಕೂ ಪಾತ್ರ ಆಡುವ ಪೂರ್ತಿ ಮಾತಿಗೂ ದನಿಯಲ್ಲಿ ವ್ಯತ್ಯಾಸ ಇರಬಹುದು. ಮೃದುವಾಗಿ ಕೇಳೋಣ ಎಂದುಕೊಂಡರೆ ಅವನು ಗದರಿರುತ್ತಾನೆ.

ತೀರ್ಮಾನಗಳಿಗೆ ನಿಜವಾಗಿ ಬೆಲೆ ಇದೆಯೇ? ಅಲ್ಪಸ್ವಲ್ಪ. ಮೊದಲ ಕಂತಿನಲ್ಲೇ ಲಾರೆನ್ಸ್ ಎಂಬ ಪಾತ್ರದ ಮನೆಗೆ ಮೊದಲು ಹೋಗುವಿರೋ ಟೋಡ್ ಎಂಬ ಪಾತ್ರದ ಮನೆಗೋ ಎಂಬ ಆಯ್ಕೆ ಬರುತ್ತದೆ. ಅದರ ಮೇಲೆ ಒಬ್ಬನ ಜೀವ ನಿಂತಿದೆ. ಆದರೆ ಕೊಲೆಗಾರ ಯಾರು, ಕತೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ಬದಲಾಗುವುದಿಲ್ಲ. ಬದಲಾಗುವುದು ಜನ ನಿಮ್ಮನ್ನು ಹೇಗೆ ನೋಡುತ್ತಾರೆ ಎಂಬುದು. ಹೆವಿ ರೈನ್‌ನಲ್ಲಿ ತೀರ್ಮಾನ ಕತೆಯನ್ನೇ ತಿರುಗಿಸುತ್ತದೆ, ಇಲ್ಲಿ ನಾಯಕನ ಗುಣವನ್ನು ಮಾತ್ರ ರೂಪಿಸುತ್ತದೆ. ಎರಡನೆಯ ಸುತ್ತು ಆಡಿದರೆ ಹೊಲಿಗೆಗಳು ಕಾಣುತ್ತವೆ. ಒಂದೇ ಸಲ ಆಡಿ ಬಿಟ್ಟುಬಿಡುವುದು ಮೇಲು. ಸೇವ್ ಮಾಡುವುದನ್ನು ಆಟವೇ ನೋಡಿಕೊಳ್ಳುತ್ತದೆ. ಸೇವ್ ಆಗುತ್ತಿರುವ ಗುರುತು ಕಾಣುವಾಗ ಆಟವನ್ನು ಮುಚ್ಚಬೇಡಿ.

ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಮೌಸ್ ಕೀಬೋರ್ಡ್ ಸಾಕು. ಈ ಬಗೆಯ ಆಟ ಆಡಿಯೇ ಇಲ್ಲದ ಸ್ನೇಹಿತರಿಗೆ ಯಾವುದನ್ನು ಕೊಡಲಿ ಎಂದರೆ ನಮ್ಮ ಉತ್ತರ ಇದು.

ಲೆಷರ್ ಸೂಟ್ ಲ್ಯಾರಿ

ವಯಸ್ಕರ ಅಡ್ವೆಂಚರ್ ಎಂದಾಗ ಹಳಬರಿಗೆ ಮೊದಲು ನೆನಪಾಗುವ ಹೆಸರು. 1981ರ ಸಾಫ್ಟ್‌ಪಾರ್ನ್ ಅಡ್ವೆಂಚರ್ ಎಂಬ ಬರೀ ಅಕ್ಷರಗಳ ಆಟವನ್ನು ತಳಹದಿಯಾಗಿಟ್ಟುಕೊಂಡು ಅಲ್ ಲೋ 1987ರಲ್ಲಿ ಸಿಯೆರಾ ಕಂಪನಿಗೆ ಮಾಡಿಕೊಟ್ಟದ್ದು. ಬಿಳಿ ಪಾಲಿಸ್ಟರ್ ಸೂಟಿನ ಬೋಳುತಲೆ ಲ್ಯಾರಿ ಒಂದು ರಾತ್ರಿ ಹೆಣ್ಣು ಹುಡುಕಿಕೊಂಡು ಲಾಸ್ಟ್ ವೇಜಸ್ ಎಂಬ ಜೂಜಿನ ಊರಿಗೆ ಬರುತ್ತಾನೆ, ಜೇಬಿನಲ್ಲಿ 94 ಡಾಲರ್. ಕಾಮದ ದೃಶ್ಯ ಹುಡುಕಿಕೊಂಡು ಬಂದವರಿಗೆ ನಿರಾಸೆ ಖಂಡಿತ. ಮುಖ್ಯ ಘಳಿಗೆಯಲ್ಲಿ ಹಾಸಿಗೆಯ ಮೇಲೆ ಸೆನ್ಸಾರ್ ಎಂದು ಬರೆದ ಕಪ್ಪು ಪಟ್ಟಿ ಬೀಳುತ್ತದೆ. ಇದು ಮೊದಲಿಂದ ಕೊನೆತನಕ ಹಾಸ್ಯದ ಆಟ.

ಯಾವ ಆವೃತ್ತಿ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. 1987ರದ್ದರಲ್ಲಿ ಕೆಲಸಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು. ವಸ್ತುವಿಗೆ ಆಟ ಇಟ್ಟಿರುವ ಹೆಸರು ಹೊಳೆಯದಿದ್ದರೆ ಮುಂದೆ ಹೋಗುವಂತಿಲ್ಲ. ವಯಸ್ಸಿನ ಪರೀಕ್ಷೆಗೆ ಹಳೇ ಅಮೆರಿಕದ ರಾಜಕೀಯ, ಟಿವಿ ಕುರಿತ ಪ್ರಶ್ನೆಗಳು ಬರುತ್ತವೆ. ಐವತ್ತು ದಾಟಿದ ಕನ್ನಡಿಗರೂ ಅದರಲ್ಲಿ ಫೇಲ್ ಆಗುವುದು ಸಹಜ. ಆಲ್ಟ್ ಮತ್ತು ಎಕ್ಸ್ ಕೀಲಿ ಒಟ್ಟಿಗೆ ಒತ್ತಿದರೆ ಪ್ರಶ್ನೆಗಳನ್ನು ದಾಟಬಹುದು. 1991ರದ್ದರಲ್ಲಿ ಕಂಟ್ರೋಲ್ ಕೀಲಿಯನ್ನೂ ಸೇರಿಸಬೇಕು. 1991ರ ಆವೃತ್ತಿ ಮೌಸ್‌ನಲ್ಲಿ ಆಡುವಂಥದ್ದು, ಬಣ್ಣಗಳು ಈಗಲೂ ಚಂದ. ಕಣ್ಣು, ಕೈ, ಬಾಯಿಯ ಚಿತ್ರಗಳ ಜೊತೆ ಪ್ಯಾಂಟಿನ ಜಿಪ್‌ನ ಚಿತ್ರವೂ ಒಂದು ಗುಂಡಿ. ಅದನ್ನು ಯಾವುದರ ಮೇಲೆ ಒತ್ತಿದರೂ ನಿರೂಪಕ ಏನಾದರೂ ಅನ್ನುತ್ತಾನೆ. ಎರಡೂ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶದಲ್ಲಿ ಇವತ್ತಿನ ಯಂತ್ರಗಳಲ್ಲೂ ಓಡುತ್ತವೆ. 2013ರ ರೀಲೋಡೆಡ್, ಅಭಿಮಾನಿಗಳಿಂದ ಹಣ ಸಂಗ್ರಹಿಸಿ ಅಲ್ ಲೋ ಜೊತೆಗೂಡಿ ಮಾಡಿದ್ದು, ಪೂರ್ತಿ ಧ್ವನಿ ಇದೆ. ನಮ್ಮ ಆಯ್ಕೆ ಮಾತ್ರ 1991ರದ್ದೇ.

ಆಟ ತುಂಬ ಬೇಗ ಕೊಲ್ಲುತ್ತದೆ. ರಸ್ತೆಗೆ ಇಳಿದರೆ ಕಾರು ಗುದ್ದುತ್ತದೆ, ಕತ್ತಲ ಓಣಿಗೆ ಹೋದರೆ ಕಳ್ಳ ಹೊಡೆದು ಸಾಯಿಸುತ್ತಾನೆ, ವೈನ್ ಬಾಟಲಿ ಹಿಡಿದು ಟ್ಯಾಕ್ಸಿ ಹತ್ತಿದರೆ ಚಾಲಕ ಅದನ್ನೇ ಕುಡಿದು ಗಾಡಿ ಗುದ್ದಿಸುತ್ತಾನೆ, ಕಾಂಡೋಮ್ ಇಲ್ಲದೆ ಮುಂದುವರಿದರೆ ರೋಗ ಕೊಲ್ಲುತ್ತದೆ. ಪ್ರತಿ ಹೊಸ ಜಾಗಕ್ಕೂ ಹೊಸ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದರ ಮೇಲೆ ಬರೆಯಬೇಡಿ. ಟ್ಯಾಕ್ಸಿಗೆ ದುಡ್ಡು ಬೇಕು, ದುಡ್ಡಿಗೆ ಜೂಜೇ ದಾರಿ. ಕ್ಯಾಸಿನೊದಲ್ಲಿ ಗೆದ್ದಾಗ ಸೇವ್, ಸೋತಾಗ ಹಿಂದಿನದಕ್ಕೆ ಮರಳುವುದು, ಹೀಗೆ ಕೈಯಲ್ಲಿ ಸಾಕಷ್ಟು ಕೂಡುವವರೆಗೆ ನಡೆಸಬೇಕು. ಇದು ಬರೀ ಬೇಸರದ ಕೆಲಸ, ಇದರಲ್ಲಿ ಜಾಣತನ ಇಲ್ಲ.

ಹೆಣ್ಣನ್ನು ಗೆಲ್ಲಬೇಕಾದ ಬಹುಮಾನವಾಗಿ ಕಾಣುವ ದೃಷ್ಟಿ ಇಡೀ ಸರಣಿಗೆ ಅಂಟಿದೆ. ನಗೆಪಾಟಲಾಗುವುದು ಕೊನೆಗೂ ಲ್ಯಾರಿಯೇ ಎಂಬುದು ನಿಜ, ಅದರಿಂದ ಎಲ್ಲವೂ ಸರಿಹೋಗದು. 2018ರಲ್ಲಿ ಜರ್ಮನಿಯ ತಂಡವೊಂದು ವೆಟ್ ಡ್ರೀಮ್ಸ್ ಡೋಂಟ್ ಡ್ರೈ ಎಂಬ ಹೊಸ ಭಾಗ ತಂದಿತು. ಹಳೇ ಲ್ಯಾರಿ ಡೇಟಿಂಗ್ ಆ್ಯಪ್‌ಗಳ ಕಾಲಕ್ಕೆ ಬಂದು ಬೀಳುತ್ತಾನೆ. ಆ್ಯಪ್‌ನಲ್ಲಿ ಅವನ ಅಂಕ 90 ಮುಟ್ಟಬೇಕು, ಆಗಲೇ ಫೇತ್ ಎಂಬಾಕೆ ಭೇಟಿಗೆ ಒಪ್ಪುವುದು. ಒಗಟುಗಳು ನ್ಯಾಯವಾಗಿವೆ, ಮಾತು ಮಾತಿಗೂ ಸಾಯುವುದಿಲ್ಲ, ಚಿತ್ರಗಳು ಸೊಗಸು. ಆದರೆ ಮೊದಲಿನದಕ್ಕಿಂತ ಹಸಿಯಾದ ಚಿತ್ರಗಳು ಹಿನ್ನೆಲೆಯಲ್ಲೆಲ್ಲ ತುಂಬಿವೆ, ತಮಾಷೆ ಒಂದೇ ತಂತಿಯ ಮೇಲೆ ಉದ್ದಕ್ಕೂ ಮೀಟಿದ ಹಾಗಿದೆ. ಒಗಟು ಬೇಕು, ಪೋಲಿತನ ಬೇಡ ಎನ್ನುವವರು ಲ್ಯಾರಿಯನ್ನೇ ಬಿಟ್ಟು 1993ರ ಗೇಬ್ರಿಯಲ್ ನೈಟ್ ನೋಡಬಹುದು. ನ್ಯೂ ಆರ್ಲಿಯನ್ಸ್‌ನ ವೂಡೂ ಕೊಲೆಗಳ ಕತೆ, ಅದೂ ಸಿಯೆರಾದ್ದೇ, 2014ರಲ್ಲಿ ಹೊಸದಾಗಿ ಮಾಡಿದ್ದಾರೆ.

ಹಾಗಾದರೆ ಯಾವುದು?

ವಾರಾಂತ್ಯದ ಎರಡು ಸಂಜೆ ಮಾತ್ರ ಇದೆ, ಗೇಮ್ ಅಭ್ಯಾಸ ಕಡಿಮೆ ಎಂದರೆ ವುಲ್ಫ್. ಕಾದಂಬರಿ ಓದುವ ಚಟ ಇದ್ದು ತಿಂಗಳು ಪೂರ್ತಿ ರಾತ್ರಿ ಒಂದೊಂದು ಗಂಟೆ ಕೂರಬಲ್ಲಿರಾದರೆ ಡಿಸ್ಕೊ, ಮರುಮಾತಿಲ್ಲ. ನಾಲ್ಕರಲ್ಲಿ ಮತ್ತೆ ಮತ್ತೆ ಆಡಿಸಿಕೊಳ್ಳುವುದೂ ಅದೊಂದೇ, ಗುಣಗಳ ಹಂಚಿಕೆ ಬದಲಿಸಿದರೆ ತಲೆಯೊಳಗೆ ಮಾತಾಡುವ ದನಿಗಳೇ ಬದಲಾಗುತ್ತವೆ. ಗಂಡ ಹೆಂಡತಿ ಅಥವಾ ಗೆಳೆಯರು ಒಟ್ಟಿಗೆ ಕೂತು, ಒಬ್ಬರು ಕಂಟ್ರೋಲರ್ ಹಿಡಿದು ಉಳಿದವರು ಹೀಗೆ ಮಾಡು ಹಾಗೆ ಮಾಡು ಎನ್ನುವುದಾದರೆ ಹೆವಿ ರೈನ್‌ಗೆ ಸಾಟಿ ಇಲ್ಲ. ಕೂಡುಕುಟುಂಬದ ಹಾಲ್‌ನಲ್ಲಿರುವ ಟಿವಿಯಲ್ಲಿ ಮಾತ್ರ ಹಚ್ಚಬೇಡಿ, ನಗ್ನತೆಯ ದೃಶ್ಯಗಳು ಹೇಳದೆ ಕೇಳದೆ ಬರುತ್ತವೆ. ಡಿಸ್ಕೊದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಿವಿಗೆ ಬೀಳುವ ಬೈಗುಳವೇ ಹೆಚ್ಚು, ಹೆಡ್‌ಫೋನ್ ಹಾಕಿಕೊಂಡರೆ ಸಾಕು. ಲ್ಯಾರಿ ಈ ಪ್ರಕಾರದ ಇತಿಹಾಸ ತಿಳಿಯಬೇಕೆನ್ನುವವರಿಗೆ.

ಮಕ್ಕಳೂ ಬಳಸುವ ಕಂಪ್ಯೂಟರ್ ಆದರೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಫ್ಯಾಮಿಲಿ ವ್ಯವಸ್ಥೆಯಲ್ಲಿ ಮಗುವಿಗೆ ಪ್ರತ್ಯೇಕ ಖಾತೆ ಮಾಡಿ, ಯಾವ ಗೇಮ್ ಕಾಣಬೇಕೆಂದು ನೀವೇ ಗೊತ್ತುಮಾಡಿ. ಹುಟ್ಟಿದ ದಿನಾಂಕ ಕೇಳುವ ಪುಟವನ್ನು ನೆಚ್ಚಿಕೊಂಡು ಕೂರುವಂತಿಲ್ಲ, ಯಾವ ಮಗುವಾದರೂ ಬೇರೆ ಇಸವಿ ಒತ್ತಬಲ್ಲದು. ನೀವು ಏನು ಆಡುತ್ತಿದ್ದೀರಿ ಎಂದು ಸ್ನೇಹಿತರ ಪಟ್ಟಿಗೆ ತಿಳಿಯುವುದು ಬೇಡವಾದರೆ ಲೈಬ್ರರಿಯಲ್ಲಿ ಆ ಗೇಮ್ ಅನ್ನು ಖಾಸಗಿ ಎಂದು ಗುರುತು ಮಾಡಬಹುದು. 2024ರಿಂದ ಈ ಸೌಲಭ್ಯ ಇದೆ.

ಇಷ್ಟವಾಗದಿದ್ದರೆ ದುಡ್ಡು ವಾಪಸ್ ಪಡೆಯಲು ಸ್ಟೀಮ್‌ನಲ್ಲಿ ಎರಡು ಷರತ್ತು: ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆ ಮೀರಿರಬಾರದು. ಆಟ ತೆರೆದಿಟ್ಟು ಊಟಕ್ಕೆ ಎದ್ದುಹೋದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಆ ಎರಡು ಗಂಟೆಯನ್ನು ಹೀಗೆ ಬಳಸಿ: ವುಲ್ಫ್‌ನ ಮೊದಲ ಕಂತಿನ ಅರ್ಧ ಆಡಿದರೆ ಕಾಲದ ಪಟ್ಟಿ ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಲ್ಯಾರಿಯ ತಮಾಷೆ ಹಿಡಿಸುವುದೋ ಇಲ್ಲವೋ ತಿಳಿಯಲು ಅರ್ಧ ಗಂಟೆ ಸಾಕು. ಡಿಸ್ಕೊದಲ್ಲಿ ಕಿಮ್ ಜೊತೆ ಹಿತ್ತಲಿಗೆ ಹೋಗಿ ಹೆಣದ ಬಳಿಯ ಮಾತುಕತೆ ಮುಗಿಸಿ. ಅಷ್ಟೂ ಓದಲು ಬೇಸರವಾದರೆ ಮುಂದೆಯೂ ಆಗುತ್ತದೆ, ಹಿಂತಿರುಗಿಸಿ. ಹೆವಿ ರೈನ್‌ನಲ್ಲಿ ಮೊದಲ ಗಂಟೆ ನೋಡಿ ತೀರ್ಮಾನಿಸಬೇಡಿ. ಶೆಲ್ಬಿ ಹಳೇ ಹೋಟೆಲ್‌ನಲ್ಲಿ ಹೆಂಗಸೊಬ್ಬಳ ಮನೆ ಬಾಗಿಲು ತಟ್ಟುವ ಅಧ್ಯಾಯ ಮುಗಿಯುವವರೆಗೆ ಆಡಿ, ಆಮೇಲೆ ಗಡಿಯಾರ ನೋಡಿ.